ಚಿತ್ರದ ಕೆಳಗಿನ ಸಾಲು

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ಬಂದು ತಲುಪಿತು. ಮೊದಲು ಜೊತೆಗಿದ್ದ ಕಾಗದ ಓದಿದೆ. ಓದಿ ಸಂಕಟವಾಯಿತು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದರಿ ಕೆಲಸದ ಬಗ್ಗೆ ನೀನು ಬರೆದ ಪುಸ್ತಕವನ್ನು ಪ್ರಕಾಶಕರೊಬ್ಬರು ನಿಂತಲ್ಲೇ ತಿರುವಿ ಹಾಕಿ, 'ಕನ್ನಡದಲ್ಲಿ ಇಂಥದ್ದನ್ನು ಯಾರು ಕೊಳ್ಳುತ್ತಾರೆ? ಬರಹ ಕಡಿಮೆ ಮಾಡಿ, ಫೋಟೋ ಜಾಸ್ತಿ ಹಾಕಿ' ಅಂದರಂತೆ. ಬೆಂಗಳೂರಿನಿಂದ ಬೀದರಿಗೆ ವಾಪಸ್ ಹೋಗುವ ಬಸ್ಸಿನಲ್ಲಿ ರಾತ್ರಿಯಿಡೀ ನಿನಗೆ ನಿದ್ದೆ ಬರಲಿಲ್ಲವಂತೆ. 'ಇನ್ನು ಬರೆಯುವುದೇ ಬೇಡ ಅನ್ನಿಸಿದೆ' ಎಂದು ಕೊನೆಯಲ್ಲಿ ಬರೆದಿದ್ದೀಯ.

ಆಮೇಲೆ ಹಸ್ತಪ್ರತಿ ಓದಿದೆ, ಎರಡು ಸಲ. ಬೀದರ ಕೋಟೆಯ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನೂ ಬಿದರಿಯ ಕಪ್ಪಿನಲ್ಲಿ ಕೂರಿಸಿದ ಬೆಳ್ಳಿಯನ್ನೂ ಎದುರುಬದುರು ಪುಟದಲ್ಲಿ ಇಟ್ಟಿದ್ದೀಯಲ್ಲ, ಅಲ್ಲಿ ಬಹಳ ಹೊತ್ತು ನಿಂತೆ. ಒಂದೇ ಊರಿನಲ್ಲಿ ಒಂದು ಗೋಡೆ, ಒಂದು ಹೂಜಿ. ಎರಡರಲ್ಲೂ ಕಪ್ಪನ್ನು ಕೊರೆದು ಬಿಳುಪನ್ನು ತುಂಬಿದ ಕೈ. ಇದನ್ನು ನೋಡಲು ಬೇರೆಯೇ ಕಣ್ಣು ಬೇಕು, ನಿನಗೆ ಅದಿದೆ. ಅದಕ್ಕೇ ಈ ಉದ್ದನೆಯ ಕಾಗದ.

ಪ್ರಕಾಶಕರನ್ನು ಹುಡುಕುವುದು ಹೇಗೆ, ಒಪ್ಪಂದದಲ್ಲಿ ಏನೇನು ಇರಬೇಕು, ಎಂಥ ಕಾಗದದಲ್ಲಿ ಅಚ್ಚು ಹಾಕಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ. ನಾನು ಹೇಳುವುದು ಚಿತ್ರಗಳ ಅಡಿಬರಹದ ಬಗ್ಗೆ. ಆ ಒಂದೆರಡು ಸಾಲುಗಳ ಬಗ್ಗೆ ಇಷ್ಟೊಂದು ಏಕೆ ಹಟ ಎಂದು ನನ್ನನ್ನು ತುಂಬ ಜನ ಕೇಳಿದ್ದಾರೆ. ನೀನೂ ಕೇಳಬಹುದು. ಕಲೆ, ಕಟ್ಟಡ, ಕರಕುಶಲದ ಪುಸ್ತಕ ಕೈಗೆ ಬಂದರೆ ಜನ ಮೊದಲು ನೋಡುವುದು ಚಿತ್ರ, ಆಮೇಲೆ ಓದುವುದು ಅದರ ಕೆಳಗಿನ ಸಾಲು. ನಿನ್ನ ಅಧ್ಯಾಯಗಳನ್ನು ಓದುವವರು ಅವರಲ್ಲಿ ಕೆಲವರು ಮಾತ್ರ. ಆ ಸಾಲಿನಲ್ಲಿ ನೀನು ಏನು ಹೇಳುತ್ತೀಯೋ ಅಷ್ಟೇ ಹೆಚ್ಚಿನವರಿಗೆ ನಿನ್ನ ಪುಸ್ತಕ.

ಈಗ ನಿನ್ನದೇ ಹಸ್ತಪ್ರತಿ ತೆಗೆದುಕೋ. ಮೂರನೇ ಅಧ್ಯಾಯದಲ್ಲಿ ವಯಸ್ಸಾದ ಒಬ್ಬರು ಕನ್ನಡಕ ಹಾಕಿಕೊಂಡು, ಮೊಣಕಾಲು ಮಡಚಿ ಕೂತು, ಕೊರೆದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದಾರೆ. ಒಳ್ಳೆಯ ಫೋಟೋ. ಕೆಳಗೆ ಏನು ಬರೆದಿದ್ದೀಯ? 'ಕಾಯಕದಲ್ಲಿ ತಲ್ಲೀನನಾದ ಕುಶಲಕರ್ಮಿ.' ಅದೇ ಅಧ್ಯಾಯದಲ್ಲಿ, ಅವರ ಮನೆಗೆ ಎಷ್ಟೋ ಸಲ ಹೋದೆ, ಚಹಾ ಕುಡಿದೆ, ಅವರ ಮಗಳು ಹೊಸ ಹೂಬಳ್ಳಿಯ ನಮೂನೆ ಬರೆದು ತೋರಿಸಿದಳು ಎಂದೂ ಬರೆದಿದ್ದೀಯ. ಹಾಗಾದರೆ ಅವರ ಹೆಸರು ನಿನಗೆ ಗೊತ್ತು ಅಲ್ವಾ? ಮನೆಯಲ್ಲಿ 'ಚಾಚಾ' ಎಂದು ಕರೆದವನು ಪುಸ್ತಕದಲ್ಲಿ ಅವರನ್ನು ಏಕೆ ಬರೀ 'ಕುಶಲಕರ್ಮಿ' ಮಾಡಿದೆ? ಅದೂ 'ತಲ್ಲೀನನಾದ' ಎಂದು ಏಕವಚನದಲ್ಲಿ! ಸುಲ್ತಾನರಿಗೆಲ್ಲ ಬಹುವಚನ ಕೊಟ್ಟಿದ್ದೀಯ.

ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ.

ಪಕ್ಕದ ಪುಟದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಒಂದು ಸುರಾಯಿ. ಅದರ ಕೆಳಗೆ 'ಬೆಳ್ಳಿಯ ಬೆಡಗು'. ಅದರ ಎತ್ತರ ಎಷ್ಟು? ಒಂದು ಗೇಣೋ, ಒಂದು ಮೊಳವೋ? ನಾಲ್ಕು ಪುಟ ಆದಮೇಲೆ ಬರುವ ಎಲೆಡಬ್ಬಿಯೂ ಫೋಟೋದಲ್ಲಿ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಫೋಟೋಕ್ಕೆ ಅಳತೆ ಗೊತ್ತಿರುವುದಿಲ್ಲ, ನೀನೇ ಹೇಳಬೇಕು. ಎತ್ತರ ಬರೆ, ತೂಕ ಬರೆ. ಬಿದರಿ ಸಾಮಾನು ಕೈಗೆ ತೆಗೆದುಕೊಂಡವರಿಗೆ ಮೊದಲು ಅನ್ನಿಸುವುದೇ ಅದರ ಭಾರ. ನಿನ್ನ ಇಡೀ ಪುಸ್ತಕದಲ್ಲಿ ಆ ಭಾರ ಎಲ್ಲೂ ಬಂದಿಲ್ಲ.

ನೀನು ಚೆನ್ನಾಗಿ ಬರೆದಿರುವುದನ್ನೂ ಹೇಳಬೇಕು. ಕಪ್ಪು ಬರುವ ಗಳಿಗೆಯನ್ನು ಹೇಳಿದ ಪುಟ ಹಾಗೇ ಇರಲಿ, ಒಂದು ಅಕ್ಷರವನ್ನೂ ಮುಟ್ಟಬೇಡ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಉಳಿಯ ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೊರೆದು, ಬೆಳ್ಳಿ ಕೂರಿಸಿ, ಮತ್ತೆ ಉಜ್ಜಿದರೆ ಬೆಳ್ಳಿಯೂ ಲೋಹವೂ ಹೆಚ್ಚುಕಡಿಮೆ ಒಂದೇ ಬಣ್ಣವಾಗಿ, ಪಟ್ಟ ಶ್ರಮವೆಲ್ಲ ಮಾಯವಾದ ಹಾಗೆ ಕಾಣುತ್ತದೆ. ಆಗ ಕೋಟೆಯೊಳಗೆ ಬಿಸಿಲು, ಮಳೆ ತಾಗದ ಜಾಗದಿಂದ ತಂದ ಮಣ್ಣು, ಜೊತೆಗೆ ನವಸಾಗರವೆಂಬ ಉಪ್ಪು. ಬಿಸಿ ಮಾಡಿ ತಿಕ್ಕಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೊನೆಗೆ ಸ್ವಲ್ಪ ಎಣ್ಣೆ. ಮಣ್ಣನ್ನು ಕಾರೀಗರರು ನಾಲಿಗೆಗೆ ತಾಗಿಸಿ ಪರೀಕ್ಷೆ ಮಾಡುವುದನ್ನೂ ಬರೆದಿದ್ದೀಯ. ಇಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಓದುವಾಗ ನಾನು ಆ ಒಲೆಯ ಪಕ್ಕವೇ ಕೂತಿದ್ದೆ. ಇಷ್ಟು ಬಲ್ಲವನು ಚಿತ್ರದ ಕೆಳಗೆ ಬಂದ ಕೂಡಲೇ 'ಅದ್ಭುತ', 'ಅಪ್ರತಿಮ', 'ಮನಮೋಹಕ' ಎಂದು ಏಕೆ ಶುರು ಮಾಡುತ್ತೀಯ?

ಏಕೆ ಎಂದು ನನಗೆ ಗೊತ್ತು. ನಿನ್ನ ಕೈಗೆ ಸಿಕ್ಕ ಪುಸ್ತಕಗಳೆಲ್ಲ ಹಾಗೇ ಇವೆ. ಹೊಸದಾಗಿ ಬರುವ ದೊಡ್ಡ ಗಾತ್ರದ ಕಲಾಪುಸ್ತಕ ಯಾವುದಾದರೂ ತೆರೆದು ನೋಡು. ದಪ್ಪ ಕಾಗದ, ಎರಡು ಪುಟಕ್ಕೆ ಹರಡಿದ ಫೋಟೋ. ನಡುವಿನ ಹೊಲಿಗೆಯಲ್ಲಿ ಶಿಲ್ಪದ ಮುಖವೇ ಮುಚ್ಚಿಹೋಗಿರುತ್ತದೆ. ಕಟ್ಟಿಸಿದ ರಾಜನ ಹೆಸರು, ದಂಡನಾಯಕನ ಹೆಸರು, ಫೋಟೋ ತೆಗೆದವರ ಹೆಸರು, ಹಣ ಕೊಟ್ಟ ಸಂಸ್ಥೆಯ ಹೆಸರು ಇರುತ್ತವೆ. ಮಾಡಿದವನ ಹೆಸರು ಇರುವುದಿಲ್ಲ. 'ನಮ್ಮ ಶಿಲ್ಪಿಗಳು ಹೆಸರು ಬಯಸಿದವರಲ್ಲ' ಎಂಬ ಒಂದು ಮಾತು ಮುನ್ನುಡಿಯಲ್ಲಿ ಬರುತ್ತದೆ. ಅದನ್ನು ನಂಬಬೇಡ. ಕೇಳಲು ಚೆನ್ನಾಗಿದೆ, ನಮ್ಮ ನಾಡಿನ ಮಟ್ಟಿಗೆ ನಿಜವಲ್ಲ.

ಪಟ್ಟದಕಲ್ಲಿಗೆ ಹೋಗು. ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಗಂಡ, ಚಾಲುಕ್ಯ ರಾಜ ಎರಡನೇ ವಿಕ್ರಮಾದಿತ್ಯ, ಕಂಚಿಯನ್ನು ಗೆದ್ದದ್ದಕ್ಕೆ. ಎಂಟನೇ ಶತಮಾನದ ಮಾತು. ಇದು ಎಲ್ಲ ಪುಸ್ತಕದಲ್ಲೂ ಇದೆ. ಅಲ್ಲಿನ ಶಾಸನವೇ ಕಟ್ಟಿದವನ ಹೆಸರನ್ನೂ ಹೇಳುತ್ತದೆ: ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದನ್ನೂ ಹೇಳುತ್ತದೆ. ಇನ್ನೊಂದು ಬರಹದಲ್ಲಿ ಸರ್ವಸಿದ್ಧಿ ಆಚಾರಿ ಬರುತ್ತಾನೆ, ತೆಂಕಣ ದಿಕ್ಕಿನ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ. ಪ್ರಾಸಾದ, ಯಾನ, ಆಸನ, ಶಯನ, ಮಣಿಮಕುಟ ಎಲ್ಲವನ್ನೂ ಬಲ್ಲವನು ಎಂದು ಅವನ ಹೊಗಳಿಕೆ. ಕಟ್ಟಡ, ಗಾಡಿ, ಪೀಠ, ಮಂಚ, ಕಿರೀಟ! ಇವತ್ತು ಪುಸ್ತಕದಂಗಡಿಯಲ್ಲಿ ಆರ್ಕಿಟೆಕ್ಚರ್ ಒಂದು ಕಪಾಟು, ಡಿಸೈನ್ ಇನ್ನೊಂದು ಕಪಾಟು. ಆ ಮನುಷ್ಯನಿಗೆ ಅದೆಲ್ಲ ಒಂದೇ ಕೆಲಸವಾಗಿತ್ತು.

ಬೇಲೂರಿನಲ್ಲಿ, 1117ರ ಆ ದೇವಾಲಯದಲ್ಲಿ, ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಮದನಿಕೆಯರ ಬುಡದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಊರಿನ ಹೆಸರು, ತಂದೆಯ ಹೆಸರು, ಬಿರುದು ಎಲ್ಲ ಇದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಮತ್ತೆ ಮತ್ತೆ ಸಹಿ ಹಾಕಿದ್ದಾನೆ, ಕೆಲವು ಕಡೆ ಬರೀ 'ಮಲ್ಲಿ' ಎಂದು. 1196ರ ಅಮೃತಾಪುರದ ದೇವಾಲಯದಲ್ಲೂ ಆ ಹೆಸರಿದೆ. ಸೋಮನಾಥಪುರದ್ದು 1258. ನಡುವೆ ಅರವತ್ತಕ್ಕೂ ಜಾಸ್ತಿ ವರ್ಷ! ಚಿತ್ರದ ಕೆಳಗೆ ಆ ಹೆಸರು, ಆ ಎರಡು ವರ್ಷ, ಅಷ್ಟು ಬರೆದರೆ ಸಾಕು. ಇಬ್ಬರೂ ಒಬ್ಬನೇನಾ, ಹುಡುಗನಾಗಿ ಬಂದವನು ಮುದುಕನಾಗುವ ತನಕ ಉಳಿ ಹಿಡಿದನಾ ಎಂದು ಓದುವವರು ತಾವೇ ಯೋಚನೆಗೆ ಬೀಳುತ್ತಾರೆ. 'ಅಮರಶಿಲ್ಪಿಯ ಅಮರಕಾವ್ಯ' ಎಂದು ಬರೆದರೆ ಪುಟ ತಿರುಗಿಸುತ್ತಾರೆ.

ಹತ್ತಿರದ ಕಾಲಕ್ಕೆ ಬಂದರೂ ಅಷ್ಟೇ. ವಿಧಾನಸೌಧ ಎಂದರೆ ಕೆಂಗಲ್ ಹನುಮಂತಯ್ಯ ಎಂದು ಶಾಲೆಯ ಮಕ್ಕಳಿಗೂ ಗೊತ್ತು, ಗೊತ್ತಿರಬೇಕಾದದ್ದೇ. 1951ರಲ್ಲಿ ಶಂಕುಸ್ಥಾಪನೆ, 1956ಕ್ಕೆ ಕಟ್ಟಡ ಮುಗಿಯಿತು. ನಕ್ಷೆ ಹಾಕಿ ಕಟ್ಟಿಸಿದ ಬಿ.ಆರ್. ಮಾಣಿಕಂ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಆ ಗ್ರಾನೈಟನ್ನು ಕೆತ್ತಿದ ಕಲ್ಲುಕುಟಿಗರು, ಅಲ್ಲಿ ದುಡಿದ ಜೈಲಿನ ಕೈದಿಗಳು, ಅವರ ಒಂದು ಹೆಸರಾದರೂ ನಮ್ಮಲ್ಲಿ ಉಳಿದಿದೆಯಾ? ಸಾವಿರ ವರ್ಷದ ಹಿಂದಿನ ಆಚಾರಿಯ ಹೆಸರು ಕಲ್ಲಿನಲ್ಲಿ ಉಳಿದಿದೆ, ನಮ್ಮ ಅಪ್ಪಂದಿರ ಕಾಲದವರದ್ದು ಕಾಗದದಲ್ಲೂ ಉಳಿಯಲಿಲ್ಲ.

ಈ ಹಟದ ಹಿಂದೆ ಒಂದು ಹಳೆಯ ಗಾಯವಿದೆ, ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಒಂದು ದೊಡ್ಡ ಸಂಸ್ಥೆಗೆ ನಾಡಿನ ಕರಕುಶಲದ ಪುಸ್ತಕಕ್ಕಾಗಿ ಅಡಿಬರಹ ಬರೆದೆ. ಊರೂರು ಸುತ್ತಿ, ನೇಯ್ದವರ, ಎರಕ ಹೊಯ್ದವರ, ಬಣ್ಣ ಹಚ್ಚಿದವರ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದೆ. ಇಳಕಲ್ಲಿನಲ್ಲಿ ಸೀರೆಯ ಸೆರಗಿನ ಉದ್ದೆಳೆಗಳನ್ನು ಮೈಯ ಉದ್ದೆಳೆಗಳಿಗೆ ಕೊಂಡಿ ಹಾಕಿ ಜೋಡಿಸುತ್ತಿದ್ದ ಒಬ್ಬಾಕೆ ತಲೆ ಎತ್ತದೆಯೇ, 'ನನ್ನ ಹೆಸರು ಯಾಕ್ರೀ, ಸೀರಿ ಹೆಸರು ಬರೀರಿ' ಅಂದಿದ್ದರು. ಒತ್ತಾಯ ಮಾಡಿ ಕೇಳಿದೆ. ಹೇಳಿದರು, ಮಗನ ಹತ್ತಿರ ಅಕ್ಷರ ಸರಿಯಿದೆಯಾ ಎಂದು ನೋಡಿಸಿದರು. ಪುಸ್ತಕ ಅಚ್ಚಾಗಿ ಬಂದಾಗ ಒಂದು ಹೆಸರೂ ಇರಲಿಲ್ಲ. ಕೇಳಿದರೆ, 'ಪುಟ ತುಂಬಿದ ಹಾಗೆ ಕಾಣುತ್ತಿತ್ತು, ಬಿಳಿ ಜಾಗ ಬೇಕಿತ್ತು' ಎಂದರು. ನನ್ನ ಹೆಸರು ಮಾತ್ರ ಒಳಪುಟದಲ್ಲಿ ಚಂದವಾಗಿ ಇತ್ತು. ಆ ಪುಸ್ತಕವನ್ನು ನಾನು ಮನೆಯಲ್ಲಿ ಇಟ್ಟುಕೊಂಡಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

'ಹೆಸರು ಸಿಗದಿದ್ದರೆ?' ಎಂದು ನೀನು ಕೇಳುತ್ತೀಯ. ಹಳೆಯ ಸಾಮಾನಿಗೆ ಸಿಗುವುದಿಲ್ಲ, ನಿಜ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲೇ ಬಿದರಿ ಸಾಮಾನು ಇಟ್ಟಿದ್ದರು. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಹಳೆಯ ಹುಕ್ಕಾ ಬುಡಗಳು ಇವತ್ತಿಗೂ ಇವೆ. ಎತ್ತರ, ಅಗಲ, ಲೋಹ, ಕಾಲ ಎಲ್ಲ ಬರೆದಿರುತ್ತಾರೆ, ಮಾಡಿದವರ ಹೆಸರು ಗೊತ್ತಿರುವುದು ತೀರಾ ಅಪರೂಪ. ಅಂಥ ಕಡೆ ವಸ್ತುವನ್ನು ಹೇಗೆ ಬಳಸುತ್ತಿದ್ದರು ಎಂದು ಬರೆ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ಡಿಸೈನರ್ ಗಂಡಹೆಂಡತಿ ನಮ್ಮ ಸರಕಾರ ಕರೆದದ್ದಕ್ಕೆ ಬಂದು, ದೇಶ ಸುತ್ತಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ಡಿಸೈನ್ ಸಂಸ್ಥೆ 1961ರಲ್ಲಿ ಹುಟ್ಟಿದ್ದಕ್ಕೆ ಅದೇ ತಳಹದಿ. ಅವರು ಎಲ್ಲಕ್ಕಿಂತ ಮೆಚ್ಚಿದ್ದು ನಾವು ದಿನಾ ನೀರು ಹಿಡಿಯುವ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೆ ಹೊರುತ್ತಾರಾ, ಸೊಂಟದ ಮೇಲಾ, ತುಂಬಿದಾಗ ತೂಕ ಎಲ್ಲಿ ಬೀಳುತ್ತದೆ, ಖಾಲಿಯಾದಾಗ ಎಲ್ಲಿ, ಅಂಗೈಗೆ ಹೇಗೆ ಕೂರುತ್ತದೆ, ಬೆಲೆ ಎಷ್ಟು ಎಂದು ಸಾಲಾಗಿ ಕೇಳುತ್ತಾ ಹೋದರು. ಅದನ್ನು ಒಬ್ಬರು ಮಾಡಲಿಲ್ಲ, ತಲೆಮಾರುಗಳು ಮಾಡಿದವು ಎಂದರು. ಹೆಸರಿಲ್ಲದ ವಸ್ತುವಿಗೆ ಕೊಡಬೇಕಾದ ಮರ್ಯಾದೆ ಅದು.

ಆದರೆ ನಿನ್ನ ಪುಸ್ತಕದಲ್ಲಿರುವ ಜನ ಬದುಕಿದ್ದಾರೆ, ನಿನ್ನ ಮನೆಯಿಂದ ಎರಡು ಓಣಿ ಆಚೆ ಕೂತಿದ್ದಾರೆ. 2023ರಲ್ಲಿ ಬಿದರಿ ಕಾರೀಗರ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಹೆಸರು ಬರೆದರು, ನೀನೂ ಬರೆದಿದ್ದೀಯ. ಒಳ್ಳೆಯದು. ಪ್ರಶಸ್ತಿ ಬಾರದವರದ್ದನ್ನೂ ಬರೆ. ಬಿದರಿಯ ಒಂದು ಹೂಜಿ ಒಬ್ಬರ ಕೈಯ ಕೆಲಸವಲ್ಲ ಎಂದು ನೀನೇ ಹೇಳಿದ್ದೀಯ. ಎರಕ ಹೊಯ್ದವರು ಒಬ್ಬರು, ನಮೂನೆ ಬರೆದು ಕೊರೆದವರು ಇನ್ನೊಬ್ಬರು, ಬೆಳ್ಳಿ ಕೂರಿಸಿದವರು ಮತ್ತೊಬ್ಬರು. ಹಾಗಿದ್ದರೆ ಮೂರೂ ಹೆಸರು ಬರಲಿ. ಅವರನ್ನು ಕೇಳಿಯೇ ಬರೆ, ಬೇಡ ಎಂದವರದ್ದು ಬಿಡು. ಅಂಗಡಿಯ ಮಾಲೀಕರು 'ಎಲ್ಲ ನಮ್ಮ ಕಾರ್ಖಾನೆಯದ್ದು ಎಂದು ಬರೆದರೆ ಸಾಕು' ಅನ್ನಬಹುದು. ಅಲ್ಲಿ ಬಗ್ಗಬೇಡ. ವಿನಯದಿಂದ ಹೇಳು, ಆದರೆ ಬಗ್ಗಬೇಡ.

ಆ ಪ್ರಕಾಶಕರ ವಿಷಯ. 'ಬರಹ ಕಡಿಮೆ ಮಾಡಿ' ಎಂದರಲ್ಲ, ಮಾಡು. ಬಹಮನಿ ಸುಲ್ತಾನರ ವಂಶಾವಳಿಯ ಆ ಇಡೀ ಅಧ್ಯಾಯ ತೆಗೆದು ಹಾಕು, ಅದು ನಿನ್ನದಲ್ಲ, ಎಲ್ಲಿಂದಲೋ ಬಂದದ್ದು. ಉಳಿದ ಜಾಗವೆಲ್ಲ ಅಡಿಬರಹಕ್ಕೆ ಹೋಗಲಿ. ಒಂದೊಂದು ಚಿತ್ರಕ್ಕೆ ಐದಾರು ಸಾಲು ಬೇಕಾದರೂ ಹಿಡಿಯಲಿ. ಪುಟ ತುಂಬಿದ ಹಾಗೆ ಕಂಡರೆ ಕಾಣಲಿ. ಫೋಟೋ ಚಿಕ್ಕದು ಮಾಡಲು ಹೇಳು.

ನೀನು ಮುಂದೆ ಬರೆಯುತ್ತೀಯೋ ಬಿಡುತ್ತೀಯೋ, ಅದನ್ನು ಈ ಪುಸ್ತಕ ಮುಗಿಸಿದ ಮೇಲೆ ಮಾತಾಡೋಣ. ಸದ್ಯಕ್ಕೆ ಮೂರನೇ ಅಧ್ಯಾಯದ ಚಿತ್ರಗಳನ್ನೆಲ್ಲ ತೆಗೆದುಕೊಂಡು ಆ ಚಾಚಾ ಮನೆಗೆ ಹೋಗು. ಟೇಪು, ತಕ್ಕಡಿ ಎರಡೂ ಜೊತೆಗಿರಲಿ. ಮಗಳ ಹೆಸರನ್ನೂ ಕೇಳು, ಆ ಹೂಬಳ್ಳಿ ಅವಳದ್ದು. ಬರೆದದ್ದನ್ನು ಅವರಿಗೇ ಓದಿ ಹೇಳು, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಹೊಸ ಅಡಿಬರಹಗಳನ್ನು ಬೇರೆ ಹಾಳೆಯಲ್ಲಿ ಬರೆದು ನನಗೆ ಅಂಚೆಯಲ್ಲಿ ಕಳಿಸು. ಉಗಾದಿ ಒಳಗೆ ಬಂದರೆ, ಕೂತು ಒಂದೊಂದೇ ನೋಡಿ ವಾಪಸ್ ಕಳಿಸುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ