ಭಾನುವಾರದ ಸಭೆ: ಭಯದ ಪಟ್ಟಿ ಬರೆದು ತನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 11ಕ್ಕೆ ಹಾಸನದಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಒಸಿಡಿಗೆ ಇಆರ್‌ಪಿ ಚಿಕಿತ್ಸೆ ಶುರು ಮಾಡಿರುವವರ ಜೊತೆ ಮನೆಯವರೊಬ್ಬರು ಬರಲೇಬೇಕು. ಒಸಿಡಿ ಎಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಅದರ ಭಯ ಕಳೆಯಲು ಕೈ ತೊಳೆಯುವುದು, ಎಣಿಸುವುದು ಇಂಥದ್ದನ್ನು ಮಾಡಲೇಬೇಕು ಅನಿಸುವ ಮಾನಸಿಕ ಕಾಯಿಲೆ. ಭಯವನ್ನು ಬೇಕೆಂದೇ ಎದುರಿಸಿ, ಆಮೇಲೆ ಅಂಥದ್ದೇನನ್ನೂ ಮಾಡದೆ ಇರುವ ಅಭ್ಯಾಸವೇ ಇಆರ್‌ಪಿ.

ಇದರಿಂದ ಗುಣವಾಗುತ್ತಾ ಎಂದು ಹಲವರು ಕೇಳಿದ್ದೀರಿ. ಪೂರ್ತಿ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಚೆನ್ನಾಗಿ ಕಡಿಮೆಯಾಗುತ್ತದೆ. ಯೋಚನೆ ಬರುವುದೇ ಇಲ್ಲ ಅಂತಲ್ಲ, ಬಂದರೂ ದಿನ ಕೆಡಿಸುವುದಿಲ್ಲ. ಸಾಮಾನ್ಯವಾಗಿ 12ರಿಂದ 20 ಭೇಟಿ, ಜೊತೆಗೆ ದಿನಾ ಮನೆಯಲ್ಲಿ ಅಭ್ಯಾಸ ಬೇಕು.

ಭಯ ಹುಟ್ಟಿಸುವ ಸಂದರ್ಭಗಳನ್ನು ಬರೆದು, ಒಂದೊಂದಕ್ಕೂ 0ರಿಂದ 100ರೊಳಗೆ ಅಂಕ ಕೊಟ್ಟು ತನ್ನಿ (ಭಯ ಹೆಚ್ಚಿದ್ದಷ್ಟೂ ಅಂಕ ಹೆಚ್ಚು). 90ರದಕ್ಕೆ ಮೊದಲೇ ಕೈ ಹಾಕಬೇಡಿ, 30–40ರದು ಸಾಕು. ಉದಾಹರಣೆಗೆ, ಬಸ್ಸಿನ ಕಂಬಿ ಹಿಡಿದ ಮೇಲೆ ಕೈ ತೊಳೆಯದೆ ಕೂರುವುದು. ಕೆಡುವುದು ಇಲ್ಲೇ: ಕಂಬಿ ಮುಟ್ಟುತ್ತಾರೆ, ಆಮೇಲೆ ಜೇಬಿನ ಸ್ಯಾನಿಟೈಸರ್ ಹಚ್ಚುತ್ತಾರೆ, ಮನಸ್ಸಿನಲ್ಲೇ ಎಣಿಸುತ್ತಾರೆ, ಇಲ್ಲವೇ "ಏನೂ ಆಗಲ್ಲ ಅಲ್ವಾ ಅಮ್ಮ?" ಎಂದು ಮತ್ತೆ ಮತ್ತೆ ಕೇಳುತ್ತಾರೆ. ಅಮ್ಮ ಸಮಾಧಾನ ಹೇಳಿದರೆ ಆವತ್ತಿನ ಅಭ್ಯಾಸ ಅಲ್ಲಿಗೆ ಮುಗೀತು. ಹಾಗಂತ ಒಮ್ಮೆಲೇ ಬಾಯಿ ಮುಚ್ಚಿ ಕೂತರೆ ಜಗಳವಾಗುತ್ತದೆ. ಚಿಕಿತ್ಸಕರ ಜೊತೆ ಮಾತಾಡಿ ಹಂತಹಂತವಾಗಿ ಕಡಿಮೆ ಮಾಡಿ.

ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಸಕಲೇಶಪುರ, ಅರಸೀಕೆರೆ ಕಡೆಯವರನ್ನು ಬೇಕಾದರೆ ಫೋನಿನಲ್ಲಿ ಸೇರಿಸಿಕೊಳ್ಳುತ್ತೇವೆ. ಪಟ್ಟಿಯನ್ನು ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ. ನಡುವೆ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.