ಸೀನನಿಗೊಂದು ಪತ್ರ: ಬಾಳೆಹಣ್ಣಿನಲ್ಲಿ ಕಿವುಚಿದ ಮಾತ್ರೆ

ಪ್ರೀತಿಯ ಸೀನ,

ನೀನು ಕಳಿಸಿದ ಸುದ್ದಿ ಓದಿದೆ. "ಚಟ ಹತ್ತದ ಹೊಸ ನೋವಿನ ಮಾತ್ರೆ ಬಂತಂತೆ, ನನ್ನ ಸೊಂಟಕ್ಕೆ ಯಾವಾಗ ಕೊಡಿಸ್ತೀಯ?" ಅಂತ ಕೆಳಗೆ ಬರೆದಿದ್ದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಹೇಳಬೇಕಾದ್ದು ಜಾಸ್ತಿ ಇದೆ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೊಪ್ಪದ ಹೋಟೆಲಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಆ ಮಾತ್ರೆಯ ಹೆಸರು ಸುಜೆಟ್ರಿಜಿನ್. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮಿದುಳಿನ ತಂಟೆಗೆ ಹೋಗುವುದಿಲ್ಲ. ನೋವಿನ ಸುದ್ದಿ ಹೊತ್ತು ತರುವ ನರಗಳಲ್ಲಿ ನಾವ್ 1.8 ಅನ್ನುವ ಸೋಡಿಯಂ ಚಾನೆಲ್, ಅಂದರೆ ಸೋಡಿಯಂ ಒಳಗೆ ಬರುವ ಬಾಗಿಲು ಇದೆ, ಅದನ್ನು ತಡೆಯುತ್ತದೆ. ಆಪರೇಷನ್ ಆದಮೇಲೆ ಬರುವಂಥ ನೋವಿಗೆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಈ ಕ್ಷೇತ್ರದಲ್ಲಿ ಒಂದಾದ ಮೇಲೊಂದು ಔಷಧ ಬಿದ್ದುಹೋಗಿದ್ದನ್ನು ಕಂಡವನಿಗೆ ಇದು ನಿಜವಾಗಿಯೂ ಖುಷಿಯ ವಿಷಯ.

ಆದರೆ ನಿನ್ನ ಸೊಂಟಕ್ಕೆ ಸಂಬಂಧಿಸಿದ ಭಾಗ ಆ ಸುದ್ದಿಯಲ್ಲಿ ಇರಲಿಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿಗೂ ಇದನ್ನು 12 ವಾರ ಕೊಟ್ಟು ನೋಡಿದರು. 0ಯಿಂದ 10ರ ಅಳತೆಯಲ್ಲಿ, ಮಾತ್ರೆ ತಗೊಂಡವರ ನೋವು ಸುಮಾರು 2 ಅಂಕ ಇಳಿಯಿತು. ಔಷಧವೇ ಇಲ್ಲದ ಮಾತ್ರೆ ತಗೊಂಡವರದ್ದೂ ಹೆಚ್ಚು ಕಡಿಮೆ ಅಷ್ಟೇ ಇಳಿಯಿತು. 2024ರ ಕೊನೆಗೆ ಈ ಫಲಿತಾಂಶ ಬಂದಾಗ ಎಲ್ಲರೂ ಔಷಧ ಸೋತಿತು ಅಂತ ಮಾತಾಡಿದರು. ನನಗೆ ಮಾತ್ರ ಆ ಇನ್ನೊಂದು ಗುಂಪೇ ತಲೆಯಲ್ಲಿ ಕೂತಿದೆ. ಔಷಧ ಇಲ್ಲದೆ ಅವರ ನೋವು ಇಳಿದದ್ದು ಹೇಗೆ? ಕೆಲವರಿಗೆ ತಾನಾಗಿಯೇ ಕಡಿಮೆ ಆಗುತ್ತಿತ್ತು, ಒಪ್ಪಿದೆ. ಉಳಿದದ್ದು?

ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಪೂರ್ತಿ ಕೇಳಿಸಿಕೊಂಡಿಲ್ಲ. ಈಗ ಕೇಳು. ಮಿದುಳಿನ ನಡುಭಾಗದಲ್ಲಿ ನೋವನ್ನು ಹತೋಟಿಯಲ್ಲಿಡುವ ಒಂದು ಜಾಗ ಇದೆ, ನಾವು ಪಿ.ಎ.ಜಿ. ಅನ್ನುತ್ತೇವೆ. ಇಲಿಗೂ ಇದೆ, ನಿನಗೂ ಇದೆ. 1969ರಲ್ಲಿ ರೆನಾಲ್ಡ್ಸ್ ಎಂಬ ವಿಜ್ಞಾನಿ ಇಲಿಗಳ ಆ ಜಾಗಕ್ಕೆ ಸಣ್ಣಗೆ ಕರೆಂಟ್ ಕೊಟ್ಟು, ಅರಿವಳಿಕೆ ಔಷಧ ಇಲ್ಲದೆಯೇ ಹೊಟ್ಟೆಯ ಆಪರೇಷನ್ ಮಾಡಿದ್ದರು. ನಾನು ಇಲಿಯ ಮಿದುಳಿನ ಆ ಜಾಗದ ತೆಳುವಾದ ಪದರವೊಂದನ್ನು ದ್ರಾವಣದಲ್ಲಿ ಜೀವಂತ ಇಟ್ಟು, ತುದಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ನಳಿಗೆಯನ್ನು ಒಂದೇ ಒಂದು ಕೋಶಕ್ಕೆ ತಾಗಿಸಿ ಕೂರುತ್ತೇನೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಬೆಳಗಿನ ಕೆಲಸ ಹೋಯಿತು. ಎಲ್ಲ ಸರಿಯಾಗಿದ್ದು, ಮಾರ್ಫಿನ್ ಜಾತಿಯ ಔಷಧ ಹರಿಸಿದರೆ ಪರದೆಯ ಮೇಲಿನ ಗೆರೆ ನಿಧಾನಕ್ಕೆ ಮೇಲೇಳುತ್ತದೆ. ಪೊಟ್ಯಾಸಿಯಂ ಹೊರಗೆ ಹರಿಯಿತು, ಕೋಶ ಸುಮ್ಮನಾಯಿತು ಅಂತ ಅರ್ಥ. ಆಮೇಲೆ ನಲೋಕ್ಸೋನ್ ಹರಿಸುತ್ತೇನೆ. ಗೆರೆ ಮೊದಲಿದ್ದಲ್ಲಿಗೇ ಬರುತ್ತದೆ. ನಲೋಕ್ಸೋನ್ ಅಂದರೆ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಅದರಿಂದ ಏನೂ ಕೆಲಸ ಇಲ್ಲ, ಬೇರೆಯವರು ಕೂರುವ ಹಾಗೂ ಇಲ್ಲ. ಆ ಸೀಟಿಗೆ ಮ್ಯೂ ರಿಸೆಪ್ಟರ್ ಅಂತ ಹೆಸರು.

ಗಸಗಸೆ ಗಿಡದಿಂದ ಬರುವ ಮಾರ್ಫಿನ್ ಕೂರುವುದಕ್ಕೆ ನಮ್ಮ ಮಿದುಳಿನಲ್ಲಿ ಜಾಗ ಯಾಕಿರಬೇಕು? 1973ರಲ್ಲಿ ಬಾಲ್ಟಿಮೋರಿನ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅಂಥ ಜಾಗ ಇದೆ ಅಂತ ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್ ಹಂದಿಯ ಮಿದುಳಿನಿಂದ ಎನ್‌ಕೆಫಲಿನ್ ತೆಗೆದರು. ಅದು ಮಿದುಳು ತಾನೇ ತಯಾರಿಸುವ, ಮಾರ್ಫಿನ್ನಿನ ಕೆಲಸ ಮಾಡುವ ವಸ್ತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1978ರ ಕೆಲಸ. ಲೆವಿನ್, ಗಾರ್ಡನ್, ಫೀಲ್ಡ್ಸ್ ಅಂತ ಮೂವರು. ಹಲ್ಲು ತೆಗೆಸಿಕೊಂಡವರಿಗೆ ಔಷಧ ಅಂತ ಹೇಳಿ ಔಷಧ ಇಲ್ಲದ್ದನ್ನು ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಅವರಿಗೇ ನಲೋಕ್ಸೋನ್ ಕೊಟ್ಟರು. ನೋವು ಮತ್ತೆ ಏರಿತು.

ಏನಾಯಿತು ನೋಡು. ಇನ್ನೇನು ಕಡಿಮೆ ಆಗುತ್ತದೆ ಅನ್ನುವ ನಂಬಿಕೆಯ ಒಂದು ಪಾಲಾದರೂ, ನಾನು ನಳಿಗೆ ಹಿಡಿದು ಕಾಯುವ ಅದೇ ರಿಸೆಪ್ಟರಿನ ಮೂಲಕ ಕೆಲಸ ಮಾಡುತ್ತದೆ. ಔಷಧದ ಪರೀಕ್ಷೆಯಲ್ಲಿ ನಾವು ಕಳೆದು ಪಕ್ಕಕ್ಕಿಡುವ ಆ 2 ಅಂಕದಲ್ಲಿ ಇದೂ ಸೇರಿದೆ.

ಇದನ್ನು ಹುಡುಗರಿಗೆ ಪಾಠ ಮಾಡುತ್ತೇನೆ. ಮನೆಯೊಳಗೆ ಅದು ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಈಚೆಗೆ.

ಅಪ್ಪನ ಮರೆವು ನೀನು ಕಂಡದ್ದಕ್ಕಿಂತ ಈಗ ಜಾಸ್ತಿಯಾಗಿದೆ. ಅಲ್ಜೈಮರ್ಸ್ ಅಂತ ಹೇಳಿದ್ದಾರೆ. ಎರಡೂ ಮಂಡಿ ಸವೆದಿವೆ. ನೋವು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಬೆಳಿಗ್ಗೆ ಮಂಚದಿಂದ ಎಬ್ಬಿಸುವಾಗ ಹುಬ್ಬು ಗಂಟಾಗುತ್ತದೆ. ಕಣ್ಣು ಒಂದು ಕ್ಷಣ ಬಿಗಿಯಾಗಿ ಮುಚ್ಚಿ ತೆರೆಯುತ್ತದೆ. ಎಡಗೈ ಪಂಚೆಯ ಅಂಚನ್ನು ಹಿಡಿದು ಸುರುಟುತ್ತದೆ. ಇಷ್ಟೇ. ಇಲಿಯ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು 2010ರಲ್ಲಿ ಮಾಂಟ್ರಿಯಲಿನ ಜೆಫ್ರಿ ಮೊಗಿಲ್ ತಂಡ ತಂದಿತು. ಕಣ್ಣು ಕಿರಿದಾಗುವುದು, ಮೂಗು ಕೆನ್ನೆ ಉಬ್ಬುವುದು, ಕಿವಿ ಮೀಸೆಗಳ ಜಾಗ ಬದಲಾಗುವುದು. ನಾನದನ್ನು ಕಲಿತವನು. ಅದೇ ಕಣ್ಣಿನಿಂದ ಅಪ್ಪನ ಮುಖ ಓದುತ್ತಿದ್ದೇನೆ. ಮಾತಿನಲ್ಲಿ ಹೇಳಲು ಆಗದವರಿಗೆ ನೋವಿಲ್ಲ ಅಂತ ತಿಳಿಯಬಾರದು ಅಂತ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಬರೆದಿಟ್ಟಿತು. ಓದಿದಾಗ ಇದನ್ನೂ ಬರೆಯಬೇಕಾ ಅನ್ನಿಸಿತ್ತು. ಬರೆಯಲೇಬೇಕು ಕಣೋ.

ಅಪ್ಪ ಮಾತ್ರೆ ಉಗುಳುತ್ತಾರೆ. ಹಾಗಾಗಿ ಡಾಕ್ಟರನ್ನು ಕೇಳಿಕೊಂಡು ಪ್ಯಾರಾಸಿಟಮಾಲ್ ಪುಡಿ ಮಾಡಿ, ಬಾಳೆಹಣ್ಣಿನಲ್ಲಿ ಕಿವುಚಿ, ಅವರಿಗೆ ಗೊತ್ತಾಗದ ಹಾಗೆ ತಿನ್ನಿಸುತ್ತಿದ್ದೆವು. ಅವರೂ ಪಾಪ, ಸುಮ್ನೆ ತಿನ್ನುತ್ತಿದ್ದರು. ಒಂದು ದಿನ ಆ ಬಟ್ಟಲು ತೊಳೆಯುವಾಗ ಕೈ ನಿಂತಿತು. ಇಟಲಿಯ ಟ್ಯೂರಿನ್ನಿನಲ್ಲಿ ಫ್ಯಾಬ್ರಿಟ್ಸಿಯೊ ಬೆನೆಡೆಟ್ಟಿ ತಂಡ ಮಾಡಿದ ಪ್ರಯೋಗ ಇದೇ ಅಲ್ವಾ? ಎದೆಯ ಆಪರೇಷನ್ ಆದವರಿಗೆ ನೋವಿನ ಔಷಧವನ್ನು ಎರಡು ರೀತಿಯಲ್ಲಿ ಕೊಟ್ಟರು. ಒಂದು, ಎದುರಿಗೆ ನಿಂತು, ಈಗ ಕೊಡುತ್ತಿದ್ದೇವೆ ಅಂತ ಹೇಳಿ. ಇನ್ನೊಂದು, ಯಂತ್ರದಿಂದ, ಅವರಿಗೆ ಗೊತ್ತಾಗದ ಹಾಗೆ. ಗೊತ್ತಾಗದೆ ಕೊಟ್ಟಾಗ ಅಷ್ಟೇ ನೋವು ಇಳಿಸಲು ಜಾಸ್ತಿ ಔಷಧ ಬೇಕಾಯಿತು. 2001ರಲ್ಲಿ ಪ್ರಕಟವಾದ ಕೆಲಸ ಇದು. ನಮ್ಮ ಬಟ್ಟಲಿನಲ್ಲಿ ಇದ್ದದ್ದೂ ಗೊತ್ತಾಗದೆ ಕೊಟ್ಟ ಔಷಧ.

ಅದೇ ತಂಡ 2006ರಲ್ಲಿ ಇನ್ನೊಂದು ಬರೆಯಿತು. ಅಲ್ಜೈಮರ್ಸ್ ಇದ್ದವರಲ್ಲಿ, ಮಿದುಳಿನ ಮುಂಭಾಗದ ಸಂಪರ್ಕಗಳು ಸಡಿಲವಾದಷ್ಟೂ ಈ ನಿರೀಕ್ಷೆಯ ಪಾಲು ಕರಗುತ್ತದೆ. ಎದುರಿಗೆ ಹೇಳಿ ಕೊಟ್ಟರೂ ಹೇಳದೆ ಕೊಟ್ಟರೂ ಒಂದೇ ಆಗುತ್ತಾ ಹೋಗುತ್ತದೆ. ಔಷಧವೇ ಅಷ್ಟರಮಟ್ಟಿಗೆ ಕೈಕೊಡುತ್ತದೆ. ಇದನ್ನು ನಾನು ಮೊದಲೇ ಓದಿದ್ದೆ ಸೀನ. ಆಗ ಇದು ಅಪ್ಪನ ವಿಷಯ ಆಗಿರಲಿಲ್ಲ.

ಈಗ ಬಟ್ಟಲು ಹಿಡಿದು ಎದುರಿಗೆ ಕೂತು ಹೇಳಿಯೇ ಕೊಡುತ್ತೇನೆ. "ಅಪ್ಪ, ಇದರಲ್ಲಿ ಮಂಡಿ ನೋವಿನ ಮಾತ್ರೆ ಇದೆ. ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತೆ." ಮನೆಯಲ್ಲಿ ಇಂಥವರಿದ್ದರೆ ನೀವೂ ಹೀಗೆ ಹೇಳಿ. ಖರ್ಚಿಲ್ಲ, ಅಡ್ಡಪರಿಣಾಮ ಇಲ್ಲ. ಎಷ್ಟು ಒಳಗೆ ಹೋಗುತ್ತದೋ ಅಷ್ಟು ಲಾಭ.

ಮೊದಲ ಸಲ ಹಾಗೆ ಹೇಳಿದಾಗ ಅಪ್ಪ ನನ್ನ ಮುಖ ನೋಡಿ, "ನೀವು ಡಾಕ್ಟರಾ?" ಅಂದರು.

ಹೌದು ಅಂದೆ.

ಮಗ ಅಂದರೆ ಅವರಿಗೆ ಗಾಬರಿಯಾಗುತ್ತದೆ. ಮಗ ಇನ್ನೂ ಸ್ಕೂಲಿನಿಂದ ಬಂದಿಲ್ಲ ಅನ್ನುತ್ತಾರೆ. ಡಾಕ್ಟರ್ ಅಂದರೆ ನಂಬುತ್ತಾರೆ. ಬಾಯಿ ತೆರೆಯುತ್ತಾರೆ. ಮಾತ್ರೆ ರಕ್ತಕ್ಕೆ ಸೇರುವ ಮುಂಚೆಯೇ ಹುಬ್ಬಿನ ಗಂಟು ಒಂಚೂರು ಸಡಿಲ ಆಗುತ್ತದೆ. ನಾನು ಓದಿದವನು, ಅದು ಏನು ಅಂತ ನನಗೆ ಗೊತ್ತು. ಆ ನಂಬಿಕೆಯ ದಾರಿ ಅವರಲ್ಲಿ ಇನ್ನೂ ಪೂರ್ತಿ ಮುಚ್ಚಿಲ್ಲ. ಮಗನಾಗಿ ಅವರ ಎದುರು ಕೂರುವ ಆಸೆ ಬಹಳ ಇದೆ. ಅವರ ನೋವು ಇಳಿಯಬೇಕು ಅಂತಲೂ ಇದೆ. ಎರಡೂ ಒಟ್ಟಿಗೆ ಆಗುತ್ತಿಲ್ಲ. ದಿನಾ ಬೆಳಿಗ್ಗೆ ಡಾಕ್ಟರಾಗಿಯೇ ಕೂರುತ್ತೇನೆ. ಡಾಕ್ಟರ್ ಅಂದರೂ ಏನೂ ಅನ್ನಿಸದ ದಿನ ಬರುತ್ತದೆ. ಆಗ ನನ್ನ ಕೈಯಲ್ಲಿ ಬರೀ ಮಾತ್ರೆ ಉಳಿಯುತ್ತದೆ. ರಾತ್ರಿ ನಿದ್ದೆ ಕೆಡಿಸುತ್ತಿರುವುದು ಅದೇ. ಅಮ್ಮನಿಗೂ ಹೇಳಿಲ್ಲ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ನಿನ್ನ ಸೊಂಟದಿಂದ ಶುರುವಾದದ್ದು ಎಲ್ಲಿಗೋ ಹೋಯಿತು. ಸರಿ, ನಿನ್ನ ಸೊಂಟಕ್ಕೇ ಬರೋಣ. ಹೊಸ ಮಾತ್ರೆಗೆ ಕಾಯಬೇಡ. ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದನ್ನು ಮಾಡು, ಬೆಳಿಗ್ಗೆ ನಡೆ, ಆ ಹಳೇ ಸ್ಕೂಟರ್ ಮಾರು. ಮಾರುವುದಿಲ್ಲ ಅಂತ ಗೊತ್ತು, ಅದಕ್ಕೆ ಕಾರಣ ಯಾರು ಅಂತಲೂ ಗೊತ್ತು.

ಸಾಗರದಿಂದ ಬರುವಾಗ ನಿಮ್ಮಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ ತಾ. ಮೇಷ್ಟ್ರು ನಿನ್ನ ಗುರುತು ಹಿಡಿಯುತ್ತಾರೋ ಇಲ್ಲವೋ, ಮಗ್ಗಿ ಮಾತ್ರ ಒಂದೂ ಮರೆತಿಲ್ಲ. ಯಾರು ಮನೆಗೆ ಬಂದರೂ ಕೇಳುತ್ತಿದ್ದಾರೆ. ಹದಿನೇಳರದ್ದು ಸರಿಯಾಗಿ ಓದಿಕೊಂಡು ಬಾ. ಈ ಸಲ ಕಿಟಕಿಯ ಆಚೆಯಿಂದ ಹೇಳಿಕೊಡುವುದಕ್ಕೆ ನಾನಿರುವುದಿಲ್ಲ.

ನಿನ್ನ,
ರಾಘು