ಬೋರ್ಡ್ ಯಾವುದಾದರೂ ಆಯ್ತು ಅಂದೆಯಲ್ಲ

ಪುಟ್ಟಿ,

ನಿನ್ನೆ ಫೋನ್ ಕಟ್ ಮಾಡಿದ್ದು ನಾನೇ. ಆಮೇಲೆ ಸಿಗ್ನಲ್ ಹೋಯ್ತು ಅಂತ ಮೆಸೇಜ್ ಹಾಕಿದೆನಲ್ಲ, ಅದು ಸುಳ್ಳು. ನಿನ್ನ ಸಂಬಳ, ನಿನ್ನ ಕಂಪ್ಯೂಟರ್, ನಾನು ಅಷ್ಟು ಜೋರು ಮಾಡಬಾರದಿತ್ತು. ಆದರೆ ಎಲ್ಲ ಭಾಗಗಳನ್ನೂ ಹೊತ್ತು ಕೂರುವ ಮದರ್‌ಬೋರ್ಡಿನಲ್ಲೇ ದುಡ್ಡು ಉಳಿಸಬೇಡ ಅಂತ ಹೇಳಿದ್ದು ಮಾತ್ರ ಸರಿಯೇ ಇತ್ತು. ಫೋನಿನಲ್ಲಿ ಮತ್ತೆ ಶುರು ಮಾಡಿದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಳಿಸಿದ ಲಿಸ್ಟ್ ನೋಡಿದೆ. ಎಎಂಡಿಯ ರೈಜನ್ ಪ್ರೊಸೆಸರ್, ಅದು ಕೂರುವ ಸಾಕೆಟ್ ಎಎಂ5, ಸರಿ. ಗ್ರಾಫಿಕ್ಸ್ ಕಾರ್ಡಿಗೆ ಅಷ್ಟೊಂದು ದುಡ್ಡು, ವಿಡಿಯೋ ಎಡಿಟಿಂಗ್‌ಗೆ ಬೇಕು, ಅದೂ ಸರಿ. ಗಾಜಿನ ಕ್ಯಾಬಿನೆಟ್, ಬಣ್ಣದ ಲೈಟಿನ ಫ್ಯಾನು. ಇರಲಿ, ವಯಸ್ಸು. ಕೊನೆಯಲ್ಲಿ ‘ಬೋರ್ಡ್: ಯಾವುದಾದರೂ, ಕಡಿಮೆದು’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮ ಅಂಗಡಿಯ ಹಳೇ ಮಷೀನು ನೆನಪಿದೆಯಾ? ನೀನು ಟೇಬಲ್ ಕೆಳಗೆ ಕೂತು ವೇಸ್ಟ್ ಕಾರ್ಡುಗಳ ಮೇಲೆ ಚಿತ್ರ ಬರೆಯುತ್ತಿದ್ದ ವಯಸ್ಸು. ಆ ವರ್ಷ ಮನೆಯಲ್ಲಿ ಏನೇನಾಯಿತು ಅನ್ನುವುದು ನಿನಗೂ ಗೊತ್ತು, ಅದು ಬೇಡ. ಮಷೀನಿನ ವಿಷಯ ಮಾತ್ರ ಹೇಳುತ್ತೇನೆ.

ಮದುವೆ ಸೀಸನ್. ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿ ಅಂದಮೇಲೆ ಕೇಳಬೇಕಾ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಎಲ್ಲಾ ಕಡೆಯ ಜನ. ಲಗ್ನಪತ್ರಿಕೆಯ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು. ಪೇಜ್‌ಮೇಕರ್‌ನಲ್ಲಿ ಎಲ್ಲ ಜೋಡಿಸಿ, ಸೋದರಮಾವಂದಿರ ಹೆಸರು ಒಂದೂ ಬಿಟ್ಟುಹೋಗದ ಹಾಗೆ ತಿದ್ದಿ, ಇನ್ನೇನು ಪ್ರಿಂಟ್ ಕೊಡಬೇಕು, ಸ್ಕ್ರೀನ್ ನಿಂತುಬಿಡುತ್ತಿತ್ತು. ಮೌಸ್ ಅಲ್ಲಾಡುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಓಡುತ್ತಿತ್ತು. ಒಂದು ದಿನ ಪೂರ್ತಿ ಸುಮ್ಮನಿರುತ್ತಿತ್ತು, ಮಾರನೇ ದಿನ ಅಂಗಡಿ ಬಾಗಿಲು ತೆಗೆದ ಕೂಡಲೇ ಶುರು.

ವೈರಸ್ ಅಂದರು, ವಿಂಡೋಸ್ ಹೊಸದಾಗಿ ಹಾಕಿಸಿದೆ. ರ್ಯಾಮ್ ಅಂದರು, ಬದಲಾಯಿಸಿದೆ. ಒಳಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬ ಅಂದರು, ಅದೂ ಆಯಿತು. ಎಲ್ಲ ಮುಗಿದ ಮೇಲೆ ಅನುಮಾನ ಪಡಲು ಉಳಿದವಳು ನಾನೊಬ್ಬಳೇ. ‘ನೀನೇ ಏನೋ ಒತ್ತಿರ್ತೀಯ’ ಅಂತ ನಿಮ್ಮಪ್ಪ. ‘ಮೇಡಂ ಕೈಗೆ ಕಂಪ್ಯೂಟರ್ ಆಗಿಬರಲ್ಲ’ ಅಂತ ಎದುರಂಗಡಿಯವರು. ಕೇಳಿ ಕೇಳಿ ನನಗೂ ಹಾಗೇ ಅನಿಸಲು ಶುರುವಾಯಿತು. ಸೇವ್ ಒತ್ತುವಾಗಲೂ ಕೈ ಹಿಂದೆಮುಂದೆ ನೋಡುತ್ತಿತ್ತು.

ಕೊನೆಗೆ ರೇಡಿಯೋ ರಿಪೇರಿ ಮಾಡುವ ಹುಡುಗನೊಬ್ಬ ಬಂದು, ಸೈಡ್ ಡೋರ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ. ಪ್ರೊಸೆಸರ್ ಪಕ್ಕ ಸಾಲಾಗಿ ನಿಂತಿದ್ದ ಕೆಪಾಸಿಟರ್‌ಗಳು, ಕರೆಂಟನ್ನು ಸಮ ಮಾಡುವ ಪುಟ್ಟ ಡಬ್ಬಿಗಳು. ತಲೆ ಚಪ್ಪಟೆ ಇರಬೇಕಾದದ್ದು ಉಬ್ಬಿಕೊಂಡಿತ್ತು. ಒಂದರ ನೆತ್ತಿಯಲ್ಲಿ ಕಂದು ಬಣ್ಣದ್ದೇನೋ ಒಸರಿ, ಒಣಗಿದ ಗೋಂದಿನ ಹಾಗೆ ಅಂಟಿಕೊಂಡಿತ್ತು. ‘ಬೋರ್ಡ್ ಹೋಗಿದೆ ಅಕ್ಕ’ ಅಂದ. 2000ದ ಆಚೀಚೆ ಇಂಥ ಕಳಪೆ ಕೆಪಾಸಿಟರ್‌ಗಳು ಪ್ರಪಂಚದ ತುಂಬ ಎಷ್ಟೋ ಬೋರ್ಡುಗಳಿಗೆ ಸೇರಿಹೋಗಿದ್ದವು, ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗಿ ತಲೆ ಉಬ್ಬಿಸುತ್ತಿತ್ತು ಅಂತ ಬಹಳ ವರ್ಷದ ಮೇಲೆ ಓದಿದೆ. ನಿಮ್ಮಪ್ಪನಿಗೂ ಓದಿ ಹೇಳಿದೆ. ಅವರು ಕಾಫಿ ಮುಗಿಸಿ ಎದ್ದು ಹೋದರು.

ಈಗಿನ ಬೋರ್ಡುಗಳಲ್ಲಿ ಪಾಲಿಮರ್ ಕೆಪಾಸಿಟರ್ ಇರುತ್ತದೆ, ಒಸರಲು ಒಳಗೆ ದ್ರವವೇ ಇಲ್ಲ ಅಂತೀಯ. ನಿಜ. ನನ್ನ ಚಿಂತೆ ಕೆಪಾಸಿಟರ್ ಅಲ್ಲ. ಬೋರ್ಡ್ ಒಂದೇ ಸಲ ಸತ್ತರೆ ಪರವಾಗಿಲ್ಲ, ಬದಲಾಯಿಸಬಹುದು. ಅರ್ಧಂಬರ್ಧ ಕೆಟ್ಟರೆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುತ್ತದೆ. ನೀನು ಆ ಶೀಟಿನ ರೂಮಿನಲ್ಲಿ ಒಬ್ಬಳೇ, ರಾತ್ರಿ ಒಂದು ಗಂಟೆ, ಬೆಳಗ್ಗೆ ಕೆಲಸ ಒಪ್ಪಿಸಬೇಕು, ವಿಡಿಯೋ ಕೊನೆಗೆ ಕಟ್ಟುವ ರೆಂಡರ್ ಅರ್ಧಕ್ಕೆ ನಿಂತಿದೆ. ಆ ಹುಡುಗಿಗೆ ಕೆಲಸ ಬರಲ್ಲ ಅಂತ ಯಾರೋ ಅನ್ನುತ್ತಾರೆ. ನೀನೂ ಹೌದೇನೋ ಅಂದುಕೊಳ್ಳುತ್ತೀಯ. ನನ್ನ ಭಯ ಅಷ್ಟೇ.

ಲೆಕ್ಚರ್ ಕೊಡಬಾರದು ಅಂತಲೇ ಕೂತೆ. ಆಗುತ್ತಿಲ್ಲ, ಸಹಿಸಿಕೋ.

ಎಸ್‌ಎಂಪಿಎಸ್‌ನಿಂದ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾಗಿರುವುದು ಹೆಚ್ಚುಕಡಿಮೆ ಒಂದು ವೋಲ್ಟ್. ಇಳಿಸಿ ಕೊಡುವುದು ಬೋರ್ಡಿನ ವಿಆರ್‌ಎಂ. ಗಂಟೆಗಟ್ಟಲೆ ರೆಂಡರ್ ಹಾಕಿದರೆ ಬಿಸಿಯಾಗುವುದು ಅದೇ. ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಅದರ ಮೇಲೆ ಬಿಸಿ ಎಳೆಯುವ ಹೀಟ್‌ಸಿಂಕೇ ಇರುವುದಿಲ್ಲ, ಬರಿಮೈ. ಕಾದು ಕಾದು ಕೊನೆಗೆ ಪ್ರೊಸೆಸರ್ ಸ್ಪೀಡನ್ನೇ ಇಳಿಸಬೇಕಾಗುತ್ತದೆ. ಬೋರ್ಡುಗಳನ್ನು ಅವುಗಳ ಚಿಪ್‌ಸೆಟ್ ಹೆಸರಿನಿಂದ ಕರೆಯುತ್ತಾರೆ. ನಿನಗೆ ಅಗ್ಗದ ಎ620 ಬೇಡ. ಎಕ್ಸ್870ಯೂ ಬೇಡ, ಅದು ಸುಮ್ನೆ ಜಾಸ್ತಿ ಖರ್ಚು. ಬಿ650 ಅಥವಾ ಬಿ850, ವಿಆರ್‌ಎಂ ಮೇಲೆ ದಪ್ಪ ಹೀಟ್‌ಸಿಂಕ್ ಇರುವುದು ನೋಡು. ಅಳತೆಯಲ್ಲಿ ಚಿಕ್ಕದಾದ ಮೈಕ್ರೋ ಎಟಿಎಕ್ಸ್ ಆದರೂ ಸಾಕು.

ಯಾವ ಕಂಪನಿ ಅಂತ ಕೇಳಬೇಡ. ಆಸುಸ್, ಗಿಗಾಬೈಟ್, ಎಂಎಸ್‌ಐ, ಆಸ್‌ರಾಕ್, ಎಲ್ಲರೂ ಗಟ್ಟಿಯದ್ದೂ ಮಾಡುತ್ತಾರೆ, ಅಗ್ಗದ್ದೂ ಮಾಡುತ್ತಾರೆ. ಮಾಡೆಲ್ ನೋಡು. ಆ ಮಾಡೆಲ್‌ಗೆ ಈಗಲೂ ಹೊಸ ಬಯೋಸ್, ಅಂದರೆ ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರ್, ಬರುತ್ತಿದೆಯಾ ನೋಡು. 2023ರಲ್ಲಿ ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಕೆಲವು ಸಾಕೆಟ್ಟಿನಲ್ಲೇ ಸುಟ್ಟುಹೋದವು. ಆಮೇಲೆ ಹೊಸ ಬಯೋಸ್ ಕೊಟ್ಟು, ಪ್ರೊಸೆಸರ್ ಒಳಗಿನ ಎಸ್‌ಒಸಿ ಅನ್ನುವ ಭಾಗಕ್ಕೆ ಹೋಗುವ ವೋಲ್ಟೇಜ್ 1.3 ದಾಟದ ಹಾಗೆ ತಡೆದರು. ಹಿಂದುಗಡೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತಗೋ. ಪ್ರೊಸೆಸರ್ ಹಾಕದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬಬಹುದು. ರ್ಯಾಮ್ ಅನ್ನೂ ಬೋರ್ಡ್ ಕಂಪನಿಯ ಲಿಸ್ಟಿನಲ್ಲಿ ಇರುವುದನ್ನೇ ತಗೋ, ಎರಡೇ ಸ್ಟಿಕ್. ಡಿಡಿಆರ್5ನಲ್ಲಿ ನಾಲ್ಕು ತುಂಬಿದರೆ ಸ್ಪೀಡ್ ಇಳಿಯುತ್ತದೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಲ್ ಬೇಡ ಅಂದರೆ ಇಷ್ಟಕ್ಕೇ ಕೊಡ್ತೀವಿ ಅನ್ನುವವರು ಸಿಗುತ್ತಾರೆ. ಅವರ ಹತ್ತಿರ ಚಹಾ ಕೂಡ ಕುಡಿಯಬೇಡ. ಬಿಲ್ ಇರಲಿ, ಅದರಲ್ಲಿ ಸೀರಿಯಲ್ ನಂಬರ್ ಇರಲಿ. ಎಎಂ5ನಲ್ಲಿ ಪಿನ್ ಇರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ. 1718 ಪಿನ್, ಕೂದಲಿಗಿಂತ ಸ್ವಲ್ಪ ದಪ್ಪ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡು. ಒಂದು ಬಾಗಿದ್ದರೂ ಬೆಳಕಿಗೆ ಬೇರೆಯಾಗಿ ಹೊಳೆಯುತ್ತದೆ. ಮನೆಗೆ ತಂದ ಮೇಲೆ ಸಿಕ್ಕಿದರೆ ನೀನೇ ಬಗ್ಗಿಸಿದೆ ಅಂತಾರೆ, ವಾರಂಟಿ ಹೋಯಿತು. ಆ ಪ್ಲಾಸ್ಟಿಕ್ ಮುಚ್ಚಳವನ್ನೂ ಎತ್ತಿಡು, ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ.

ಇನ್ನೊಂದು. ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ರ್ಯಾಮಿನ ಲೆಕ್ಕ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಬೇಡ.

ರೂಮಿನ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯಾ ಅಂತ ಓನರ್ ಹತ್ತಿರ ಕೇಳಿದೆಯಾ? ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅಂದರೆ ಇಲ್ಲ ಅಂತ. ಎಲೆಕ್ಟ್ರಿಷಿಯನ್ ಕರೆಸು, ದುಡ್ಡು ನಾನು ಕೊಡುತ್ತೇನೆ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಕೆಜಿಎಫ್ ಗಣಿಗೆ ಬಂತು ಅಂತ ನಿಮ್ಮ ತಾತ ಎದೆಯುಬ್ಬಿಸಿ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಫ್ರಿಜ್ಜಿಗೆ ಸ್ಟೆಬಿಲೈಸರ್ ಇಲ್ಲದೆ ನಡೆಯುತ್ತಿರಲಿಲ್ಲ. ಯುಪಿಎಸ್ ಬಿಡಬೇಡ.

ಇಷ್ಟೆಲ್ಲ ಬರೆದೆ ಅಂತ ನಿನ್ನ ಮೇಲೆ ನಂಬಿಕೆ ಇಲ್ಲ ಅಂದುಕೊಳ್ಳಬೇಡ. ನೀನು ಮಾಡಿದ ಆ ಅಂತರಗಂಗೆ ವಿಡಿಯೋನ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತೇನೆ. ಜೆರಾಕ್ಸ್‌ಗೆ ಬಂದವರು ಪಾಪ, ಅರ್ಜೆಂಟಿದ್ದರೂ ನಿಂತು ನೋಡುತ್ತಾರೆ. ಯಾರ ಹತ್ತಿರವೂ ಕೇಳದೆ ನಿನ್ನ ಸಂಬಳದಲ್ಲೇ ಮಷೀನು ಜೋಡಿಸುತ್ತಿದ್ದೀಯ, ನನಗೆ ಆ ಧೈರ್ಯ ನಿನ್ನ ವಯಸ್ಸಿನಲ್ಲಿ ಇರಲಿಲ್ಲ.

ಲೈಟಿನ ಫ್ಯಾನಿನ ದುಡ್ಡನ್ನು ಬೋರ್ಡಿಗೆ ಹಾಕು. ಸಾಲದಿದ್ದರೆ ಚೀಟಿ ದುಡ್ಡು ಬಂದಿದೆ, ಸಾಲ ಅಂತಲೇ ತಗೋ. ಶನಿವಾರ ನಾನು ಬರಲಾ ಬೇಡವಾ ಅಂತ ಶುಕ್ರವಾರದೊಳಗೆ ಹೇಳು. ಬಂದರೆ ಅಂಗಡಿಯವರ ಮುಂದೆ ಬಾಯಿ ಬಿಡುವುದಿಲ್ಲ. ಪಿನ್ ಮಾತ್ರ ನಾನೂ ಒಂದು ಸಲ ನೋಡುತ್ತೇನೆ.

ಅಮ್ಮ